ಚೆಕ್ ಛಾಯಾಗ್ರಾಹಕ ಮಿರೊಸ್ಲಾವ್ ಟಿಖಿ ರಟ್ಟಿನ ಕ್ಯಾಮೆರಾ ಮಾಡಿಕೊಂಡದ್ದು ಗತಿಯಿಲ್ಲದೆಯೋ, ಹಟಕ್ಕೋ?

ರೀಲುಪ್ರಿಯ: ನಿನ್ನೆಯಿಂದ ಈತನ ಫೋಟೋಗಳನ್ನೇ ನೋಡುತ್ತಾ ಕೂತಿದ್ದೇನೆ. ಎಲ್ಲಾ ಮಸುಕು, ಗೀರು, ಕೆಲವಕ್ಕೆ ಮೇಲೆ ಪೆನ್ಸಿಲ್ಲಿನಲ್ಲಿ ತಿದ್ದಿದ ಗೆರೆ. ಕ್ಯಾಮೆರಾ ನೋಡಿದರಂತೂ ರಟ್ಟು, ಡಬ್ಬಿ, ದಾರದ ರೀಲು, ಎಲಾಸ್ಟಿಕ್ಕು! ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದಲ್ಲಿ ಕ್ಯಾಮೆರಾನೇ ಸಿಗುತ್ತಿರಲಿಲ್ವಾ?

ಕತ್ತಲಕೋಣೆ: ಸಿಗುತ್ತಿತ್ತು. ಆತನಿದ್ದ ಮೊರಾವಿಯಾ ಸೀಮೆಯಲ್ಲೇ ಮೆಯೊಪ್ಟಾ ಕಂಪನಿಯವರು ಫ್ಲೆಕ್ಸಾರೆಟ್ ಅಂತ ಒಳ್ಳೇ ಕ್ಯಾಮೆರಾ ಮಾಡುತ್ತಿದ್ದರು. ನನಗೇನೋ ಇದು ಹಟವೇ ಅನಿಸುತ್ತದೆ. ಆತ ಪ್ರಾಗ್‌ನಲ್ಲಿ ಚಿತ್ರಕಲೆ ಓದುತ್ತಿದ್ದಾಗ, 1948ರಲ್ಲಿ ಕಮ್ಯುನಿಸ್ಟ್ ಪಕ್ಷ ಅಧಿಕಾರ ಹಿಡಿಯಿತು. ಅಕಾಡೆಮಿಯಲ್ಲಿ ಹೆಣ್ಣು ಮಾಡೆಲ್‌ಗಳು ಹೋಗಿ, ಕಾರ್ಮಿಕರ ಚಿತ್ರ ಬರೆಯಿರಿ ಅಂತಾಯಿತು. ಆತ ಒಲ್ಲೆ ಅಂದ, ಓದು ಬಿಟ್ಟ, ಆಮೇಲೆ ತನ್ನೂರು ಕಿಯೊವ್‌ಗೆ ಬಂದು ಉಳಿದ. ಲೆನ್ಸ್ ಹೇಗೆ ಮಾಡಿದ ಗೊತ್ತಾ? ಪ್ಲೆಕ್ಸಿಗ್ಲಾಸ್, ಅಂದರೆ ಗಾಜಿನಂಥ ಪ್ಲಾಸ್ಟಿಕ್, ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಟೂತ್‌ಪೇಸ್ಟಿಗೆ ಸಿಗರೇಟ್ ಬೂದಿ ಬೆರೆಸಿ ಪಾಲಿಶ್ ಹಾಕುತ್ತಿದ್ದ. ಅಷ್ಟು ತಾಳ್ಮೆ ಇರೋನು ಸುಮ್ನೆ ಬೇರೆ ದಾರಿಯಿಲ್ಲದೆ ಮಾಡಿದ ಅಂದರೆ ನಂಬೋದು ಕಷ್ಟ.

ಹಳೇನೆಗೆಟಿವ್: ಸರ್ಕಾರಕ್ಕೆ ಆತನ ಫೋಟೋಗಿಂತ ಆತನ ಅವತಾರವೇ ಜಾಸ್ತಿ ಚುಚ್ಚುತ್ತಿತ್ತು ಅನ್ನಿ. ಹರಿದ ಕೋಟು, ಬಾಚದ ಗಡ್ಡ, ದುಡಿಯದೆ ಬೀದಿ ಸುತ್ತೋದು. ಮೇ ದಿನದ ಮೆರವಣಿಗೆ ಹತ್ತಿರ ಬಂತೆಂದರೆ ಹಿಡಿದು ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಿದ್ದರು, ಊರು ಚೆನ್ನಾಗಿ ಕಾಣಲಿ ಅಂತ! 1972ರಲ್ಲಿ ಸ್ಟುಡಿಯೋನೂ ಹೋಯಿತು.

ಬೆಳಕಿಂಡಿ: ಎಲ್ಲಾ ಸರಿ, ಆದರೆ ಆ ಫೋಟೋಗಳಲ್ಲಿ ಇರೋದು ಯಾರು? ಕಿಯೊವ್‌ನ ಹೆಂಗಸರು. ಬಸ್ ಕಾಯುವವರು, ಈಜುಕೊಳದಲ್ಲಿ ಮಲಗಿದವರು. ಎಷ್ಟೋ ಜನಕ್ಕೆ ಫೋಟೋ ತೆಗೆದದ್ದೇ ಗೊತ್ತಿಲ್ಲ. ಆ ಪೆಟ್ಟಿಗೆಯನ್ನು ಯಾರು ತಾನೇ ನಿಜವಾದ ಕ್ಯಾಮೆರಾ ಅಂದುಕೊಳ್ಳುತ್ತಾರೆ? ಪೊಲೀಸರು ಕದ್ದು ನೋಡುವ ದೇಶದಲ್ಲಿ ಈತನೂ ಕದ್ದೇ ನೋಡಿದ. ಅದನ್ನು ಬಂಡಾಯ ಅನ್ನೋಕೆ ನನಗೆ ಬಾಯಿ ಬರಲ್ಲ.

ಕತ್ತಲಕೋಣೆ: ಒಪ್ಪಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ರೀಲುಪ್ರಿಯ: ಈಜುಕೊಳದ ಫೋಟೋಗಳನ್ನು ಮತ್ತೆ ತೆಗೆದು ನೋಡಿದೆ. ಕೆಲವದರಲ್ಲಿ ಬೇಲಿಯ ತಂತಿ ಆ ಹೆಂಗಸರ ಮೈಮೇಲೇ ಹಾದುಹೋಗಿದೆ. ನಿನ್ನೆ ಅದನ್ನು ಗೀರು ಅಂದುಕೊಂಡಿದ್ದೆ.