ಸಹಾಯ ಬೇಕು: ಹಳೆಯ ತಂತ್ರಾಂಶ ಟರ್ಮಿನಲ್‌ನಿಂದ ತೆರೆಯುತ್ತದೆ, ಐಕಾನ್ ಒತ್ತಿದರೆ ತೆರೆಯುವುದಿಲ್ಲ

ಎಲ್ಲರಿಗೂ ನಮಸ್ಕಾರ. ಉಬುಂಟು 24.04 ಲಿನಕ್ಸ್‌ನಲ್ಲಿ ನಕ್ಷೆ ಬಿಡಿಸುವ 32 ಬಿಟ್‌ನ ಹಳೆಯ ತಂತ್ರಾಂಶವೊಂದನ್ನು ನಡೆಸಬೇಕಾಗಿದೆ. ನನ್ನ ಹಳೆಯ ಕಡತಗಳೆಲ್ಲ ಅದರಲ್ಲೇ ಇರುವುದರಿಂದ ಅದನ್ನು ಬಿಡುವಂತಿಲ್ಲ. ಐ386 (32 ಬಿಟ್) ಆರ್ಕಿಟೆಕ್ಚರ್ ಸೇರಿಸಿ 32 ಬಿಟ್ ಲೈಬ್ರರಿಗಳನ್ನು ಹಾಕಿದ ಮೇಲೂ, ತಂತ್ರಾಂಶಕ್ಕೆ ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡುವ ಎಲ್‌ಡಿಡಿ ಕಮಾಂಡ್ ‘ಲಿಬ್‌ಪಿಎನ್‌ಜಿ12.ಎಸ್‌ಒ.0 ನಾಟ್ ಫೌಂಡ್’ ಎಂಬ ಒಂದು ಸಾಲನ್ನು ತೋರಿಸುತ್ತಿತ್ತು (ಇದು ಪಿಎನ್‌ಜಿ ಚಿತ್ರಗಳಿಗೆ ಬೇಕಾದ ಹಳೆಯ ಲೈಬ್ರರಿ). ಆ ಹೆಸರಿನಲ್ಲಿ ಅದರ ಹೊಸ ಆವೃತ್ತಿಯಾದ ಲಿಬ್‌ಪಿಎನ್‌ಜಿ16ಕ್ಕೆ ಸಿಮ್‌ಲಿಂಕ್ (ಬೇರೆ ಕಡತವನ್ನು ತೋರಿಸುವ ಕೊಂಡಿ) ಮಾಡಿದಾಗ ‘ವರ್ಷನ್ ಪಿಎನ್‌ಜಿ12_0 ನಾಟ್ ಫೌಂಡ್’ ಎಂದಿತು. ಹೆಸರು ಬದಲಿಸಿದ ಮಾತ್ರಕ್ಕೆ ಒಳಗಿನ ಆವೃತ್ತಿ ಬದಲಾಗದೆಂಬುದು ನನಗೆ ಆಗಲೇ ಹೊಳೆದದ್ದು, ಲಿಂಕ್ ಅಳಿಸಿದೆ.

ಕೊನೆಗೆ ಲಿಬ್‌ಪಿಎನ್‌ಜಿ12 ಇರುವ ಉಬುಂಟು 16.04ರ ಐ386 ಡೆಬ್ ಕಡತವನ್ನು (ಪ್ಯಾಕೇಜ್) ಸಿಸ್ಟಮ್‌ಗೆ ಹಾಕದೆ, ‘ಡಿಪಿಕೆಜಿ -ಎಕ್ಸ್’ ಮೂಲಕ ತಂತ್ರಾಂಶದ ಫೋಲ್ಡರ್‌ನಲ್ಲೇ ಬಿಚ್ಚಿ, ಆ ದಾರಿಯನ್ನು ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಎಲ್‌ಡಿ_ಲೈಬ್ರರಿ_ಪಾತ್ ವೇರಿಯಬಲ್‌ನಲ್ಲಿ ಕೊಟ್ಟು, ಟರ್ಮಿನಲ್ ತೆರೆದಾಗ ಓದಲಾಗುವ ಬ್ಯಾಷ್‌ಆರ್‌ಸಿ ಕಡತದಲ್ಲಿ ಬರೆದಿಟ್ಟೆ. ಈಗ ಟರ್ಮಿನಲ್‌ನಿಂದ ಸರಿಯಾಗಿ ತೆರೆಯುತ್ತದೆ. ಮೆನುವಿನ ಐಕಾನ್ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ. ಐಕಾನ್ ಬ್ಯಾಷ್‌ಆರ್‌ಸಿಯನ್ನು ಓದುವುದಿಲ್ಲವೆಂದು ತೋರುತ್ತದೆ. ಆದರೆ ಆ ವೇರಿಯಬಲ್ ಅನ್ನು ಇಡೀ ಸಿಸ್ಟಮ್‌ಗೆ ಅನ್ವಯಿಸಿದರೆ ಬೇರೆ ತಂತ್ರಾಂಶಗಳೂ ಹಳೆಯ ಲೈಬ್ರರಿಯನ್ನು ಎತ್ತಿಕೊಂಡಾವೆಂಬ ಅಂಜಿಕೆ ಇದೆ.

ನನ್ನ ಪ್ರಶ್ನೆ ಇಷ್ಟೇ: ಐಕಾನ್‌ನ ಡೆಸ್ಕ್‌ಟಾಪ್ ಕಡತದಲ್ಲಿ ತೆರೆಯುವ ಆಜ್ಞೆ ಇರುವ ‘ಎಕ್ಸೆಕ್’ ಸಾಲಿನಲ್ಲಿ, ಆ ತಂತ್ರಾಂಶಕ್ಕೆ ಮಾತ್ರ ವೇರಿಯಬಲ್ ಕೊಡುವ ‘ಎನ್ವ್’ ಬಳಸಿ ಈ ದಾರಿಯನ್ನು ಕೊಡುವುದು ಸರಿಯೇ, ಅಥವಾ ಪ್ಯಾಚೆಲ್ಫ್ ಎಂಬ ಸಾಧನದಿಂದ ತಂತ್ರಾಂಶದ ಬೈನರಿಯಲ್ಲೇ ಆರ್‌ಪಾತ್ (ಲೈಬ್ರರಿ ಹುಡುಕುವ ದಾರಿ) ಬರೆಯುವುದು ಉತ್ತಮವೇ?