ಗಿನಿಕೋಳಿ ಮೊಟ್ಟೆಯ ಮೇಲಿರುವುದು ಚುಕ್ಕೆಯೋ, ಮಚ್ಚೆಯೋ?

ಎಲ್ಲರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ನಾಲ್ಕು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ, ಒಪ್ಪುವಂಥದ್ದು ಸಿಕ್ಕಿಲ್ಲ.

ಮಕ್ಕಳಿಗಾಗಿ ಹಕ್ಕಿಗಳ ಮೊಟ್ಟೆಯ ಬಗ್ಗೆ ಬರೆಯುತ್ತಿದ್ದೇನೆ. ಗಿನಿಕೋಳಿಯ ಸರದಿ ಬಂದಾಗ 'ಕಂದು ಚುಕ್ಕೆಗಳಿರುವ ಮೊಟ್ಟೆ' ಅಂತ ಬರೆದೆ. ಚಿತ್ರ ಬರೆಯುವವರು ಅದನ್ನು ಓದಿ, ಬಿಳಿ ಮೊಟ್ಟೆಯ ಮೇಲೆ ದೊಡ್ಡ ದೊಡ್ಡ ಕಂದು ಬೊಟ್ಟು ಇಟ್ಟು ಕಳಿಸಿದರು. ನೋಡಿದರೆ ಥೇಟ್ ಲಾವಕ್ಕಿ ಮೊಟ್ಟೆ. ತಪ್ಪು ಅವರದ್ದಲ್ಲ, ನಾನು ಕೊಟ್ಟ ಪದದ್ದು. ಚುಕ್ಕೆ ಅಂದ ಕೂಡಲೇ ಚುಕ್ಕೆ ಜಿಂಕೆ ಕಣ್ಣ ಮುಂದೆ ಬರುತ್ತದೆ ಅಲ್ವಾ? ಒಂದೊಂದೂ ಬೇರೆಯಾಗಿ ಕಾಣುವ, ಬೇಕಿದ್ದರೆ ಎಣಿಸಬಹುದಾದ ಗುರುತು ಅದು.

ಗಿನಿಕೋಳಿ ಮೊಟ್ಟೆ ಹಾಗಿಲ್ಲ. ಈಗ ಒಂದು ನನ್ನ ಮೇಜಿನ ಮೇಲೇ ಇದೆ, ಪಕ್ಕದಲ್ಲಿ ಮಾಮೂಲಿ ಕೋಳಿಮೊಟ್ಟೆ. ಗಿನಿಕೋಳಿಯದ್ದು ಸ್ವಲ್ಪ ಚಿಕ್ಕದು, ತೂಕ 40 ಗ್ರಾಂ ಆಸುಪಾಸು. ಒಂದು ತುದಿ ಜಾಸ್ತಿಯೇ ಚೂಪು, ಇನ್ನೊಂದು ಅಗಲ. 'ಮೊಟ್ಟೆಯಾಕಾರ' ಅನ್ನುವ ನಮ್ಮ ಪದ ಈ ಮೊಟ್ಟೆಗೇ ಸರಿಹೊಂದುವುದಿಲ್ಲ! ಬುಗುರಿಯಾಕಾರ ಅಂದರೆ ಹತ್ತಿರ ಬರುತ್ತದೆ. ಉಗುರಿನಿಂದ ತಟ್ಟಿದರೆ ಕಲ್ಲು ತಟ್ಟಿದ ಹಾಗೆ ಟಕ್ ಅನ್ನುತ್ತದೆ. ಓಡು ಅಷ್ಟು ದಪ್ಪ.

ದೂರದಿಂದ ನೋಡಿದರೆ ಒಂದೇ ಬಣ್ಣ. ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬೇರೆಯೇ ಕಾಣುತ್ತದೆ. ಮೈ ತುಂಬ ಸೂಜಿಮೊನೆ ಊರಿದಷ್ಟು ಸಣ್ಣ ಕುಳಿಗಳು. ಮೊಟ್ಟೆಯೊಳಗಿನ ಮರಿ ಉಸಿರಾಡುವುದು ಓಡಿನಲ್ಲಿರುವ ಇಂಥ ಸಣ್ಣ ರಂಧ್ರಗಳ ಮೂಲಕ. ಗಿನಿಕೋಳಿ ಮೊಟ್ಟೆಯಲ್ಲಿ ಈ ರಂಧ್ರಗಳ ಬಾಯಿ ಸುತ್ತಲಿನ ಓಡಿಗಿಂತ ಗಾಢ ಕಂದಾಗಿರುತ್ತದೆ. ನಾವು ಚುಕ್ಕೆ ಅಂತ ಕರೆಯುತ್ತಿರುವುದು ಇದನ್ನೇ. ಅಂದರೆ ಇದು ಮೇಲೆ ಇಟ್ಟ ಬೊಟ್ಟಲ್ಲ, ಒಳಕ್ಕೆ ಇಳಿದ ಗುರುತು. ನನಗೆ ಬೇಕಾದ ಪದದಲ್ಲಿ ಈ ವ್ಯತ್ಯಾಸ ಉಳಿಯಬೇಕು.

ಮಚ್ಚೆ ಅನ್ನಬಹುದಾ ಅಂತ ಯೋಚಿಸಿದೆ. ಮಚ್ಚೆ ಅಂದರೆ ಮೈಮೇಲೆ ಅಲ್ಲೊಂದು ಇಲ್ಲೊಂದು ಇರುವುದು. ಕಲೆ ಅಂದರೆ ಏನೋ ತಾಗಿ ಕೊಳೆಯಾದ ಹಾಗೆ. ಕೆಮ್ಮಣ್ಣಿನ ಧೂಳು ಕೂತ ಹಾಗೆ ಕಾಣುವುದರಿಂದ 'ಧೂಳುಚುಕ್ಕೆ' ಅಂತಲೂ ಬರೆದು ನೋಡಿದೆ. ಆದರೆ ಧೂಳನ್ನು ಒರೆಸಬಹುದು, ಇದನ್ನು ಒರೆಸಲಾಗದು. ಕೊನೆಗೆ 'ಸೂಜಿಚುಕ್ಕೆ' ಅನ್ನುವ ಪದ ಕಟ್ಟಿಕೊಂಡೆ. ಚುಚ್ಚಿದ ಅರ್ಥವೂ ಬರುತ್ತದೆ, ಸಣ್ಣದು ಅಂತಲೂ ಗೊತ್ತಾಗುತ್ತದೆ. ನನಗಂತೂ ಇಷ್ಟವಾಗಿದೆ. ಓದುವವರಿಗೆ ಕೃತಕ ಅನ್ನಿಸುತ್ತದಾ, ನೀವು ಹೇಳಬೇಕು.

ಲಾವಕ್ಕಿ ಮೊಟ್ಟೆಗೆ ಮಾತ್ರ ಪದ ಸಲೀಸಾಗಿ ಸಿಕ್ಕಿತು: ಹಂಡಬಂಡ. ಅದರ ಮೇಲೆ ಇರುವುದು ಒಂದಕ್ಕೊಂದು ಹೊಂದದ ದೊಡ್ಡ ಸಣ್ಣ ಮಚ್ಚೆಗಳು ತಾನೇ.

ಇನ್ನೊಂದು ತೊಡಕು ಗಿನಿಕೋಳಿಯ ಗರಿಯದ್ದು. ಬೂದು ಗರಿಯ ಮೇಲೆ ಬಿಳಿ ಚುಕ್ಕೆ. ಗರಿಗೂ ಮೊಟ್ಟೆಗೂ 'ಚುಕ್ಕೆ' ಅಂತಲೇ ಬರೆದರೆ, ಮಕ್ಕಳು ಹಕ್ಕಿಯ ಹಾಗೇ ಮೊಟ್ಟೆಯೂ ಇರುತ್ತದೆ ಅಂದುಕೊಳ್ಳುತ್ತಾರೆ. ಜೀವಿಗಳಿಗೆ ವೈಜ್ಞಾನಿಕ ಹೆಸರಿಟ್ಟ ವಿಜ್ಞಾನಿ ಲಿನೇಯಸ್ 1758ರಲ್ಲಿ ಈ ಹಕ್ಕಿಗೆ ಇಟ್ಟ ಹೆಸರಿನಲ್ಲಿ 'ಮೆಲಿಯಾಗ್ರಿಸ್' ಅನ್ನುವ ಪದ ಇದೆ. ಅದರ ಹಿಂದೆ ಗ್ರೀಕರ ಒಂದು ಕಥೆ. ಮೆಲಿಯಾಗರ್ ಅನ್ನುವ ವೀರ ಸತ್ತಾಗ ಅವನ ಅಕ್ಕತಂಗಿಯರು ಅತ್ತೂ ಅತ್ತೂ ಈ ಹಕ್ಕಿಗಳಾದರಂತೆ, ಕಣ್ಣೀರೇ ಗರಿಯ ಮೇಲಿನ ಬಿಳಿ ಗುರುತಾಯಿತಂತೆ. ಇದನ್ನು ಓದಿದ ಮೇಲೆ ಗರಿಯದ್ದಕ್ಕೆ 'ಹನಿ' ಅಂತ ಬರೆಯುವ ಆಸೆ ಹುಟ್ಟಿದೆ. ಹನಿಹನಿ ಗರಿ, ಸೂಜಿಚುಕ್ಕೆ ಮೊಟ್ಟೆ. ಹೀಗೆ ಎರಡನ್ನೂ ಬೇರೆ ಮಾಡಿದರೆ ಗೊಂದಲ ಇರುವುದಿಲ್ಲ.

ಇನ್ನು ಮೊಟ್ಟೆಯ ಮೈಬಣ್ಣ. ಸುಮ್ನೆ 'ಕಂದು' ಅಂದರೆ ತೆಂಗಿನ ಕರಟದ ಬಣ್ಣ ನೆನಪಾಗುತ್ತದೆ, ಅಷ್ಟು ಗಾಢ ಇಲ್ಲ. 'ಬಿಳಿ' ಅಂತೂ ಅಲ್ಲ. ಹೇಂಟೆಯಿಂದ ಹೇಂಟೆಗೆ ಬದಲಾಗುತ್ತದೆ: ಒಂದರದ್ದು ಕೆನೆಬಣ್ಣ, ಇನ್ನೊಂದರದ್ದು ತಿಳಿಗಂದು. ನನ್ನ ಮೇಜಿನ ಮೇಲಿರುವುದಕ್ಕೆ 'ಗೋಧಿ ಬಣ್ಣ' ಸರಿಯಾಗಿ ಒಪ್ಪುತ್ತದೆ. ಆದರೆ ಗೋಧಿ ಬಣ್ಣ ಅನ್ನುವುದನ್ನು ನಾವು ಹೆಚ್ಚಾಗಿ ಮನುಷ್ಯರ ಮೈಬಣ್ಣಕ್ಕೆ ಬಳಸುತ್ತೇವೆ. ಮೊಟ್ಟೆಗೆ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ?

ಮತ್ತೆ, ನಾನು ಮೇಲೆ 'ಓಡು' ಅಂತ ಬರೆದಿದ್ದೇನೆ. ಕೆಲವರು 'ಚಿಪ್ಪು' ಅನ್ನುತ್ತಾರೆ. ನನ್ನ ಕಿವಿಗೆ ಚಿಪ್ಪು ತೆಳ್ಳಗೆ ಕೇಳಿಸುತ್ತದೆ, ಓಡು ಗಟ್ಟಿಯಾಗಿ. ಈ ಮೊಟ್ಟೆಗೆ ಅದಕ್ಕೇ ಓಡು ಅಂದೆ. ನಿಮ್ಮ ಮಾತಿನಲ್ಲಿ ಇವೆರಡಕ್ಕೂ ಇಂಥ ವ್ಯತ್ಯಾಸ ಇದೆಯಾ? ಗಿನಿಕೋಳಿ ಸಾಕಿದವರು ಯಾರಾದರೂ ಇದ್ದರೆ, ಮೊಟ್ಟೆಯ ಆ ಗುರುತಿಗೆ ನೀವು ಏನನ್ನುತ್ತೀರಿ ಅಂತ ದಯವಿಟ್ಟು ಬರೆಯಿರಿ. ಬಳಕೆಯಲ್ಲಿರುವ ಪದ ಒಂದು ಸಿಕ್ಕರೆ ನನ್ನ ಸೂಜಿಚುಕ್ಕೆಯನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.