ರಜೆಯ ಮನೆಗೆ ಪೂರ್ತಿ ಗಾಜಿನ ಗೋಡೆ ಸರಿಹೋಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ರಜೆಯಲ್ಲಿ ಹೋಗಿ ಇರೋಕೆ ಅಂತ ಸಣ್ಣ ಮನೆ ಕಟ್ಟಿಸುತ್ತಿದ್ದೇವೆ. ಹಾಲ್ ಮತ್ತು ತೋಟ ಒಂದೇ ಅನ್ನಿಸಬೇಕು, ಅದಕ್ಕೆ ಪಶ್ಚಿಮದ ಗೋಡೆ ಪೂರ್ತಿ ಗಾಜಿನದೇ ಇರಲಿ ಅಂತ ಯಜಮಾನರ ಆಸೆ. ಒಳಗಿನ ಟೈಲ್ಸನ್ನೇ ಹೊರಗೂ ಹಾಕಿಸಬಹುದಾ? ಮಳೆ ನೀರು ಒಳಗೆ ಬರುತ್ತಾ?

ಉತ್ತರ (ಆರ್ಕಿಟೆಕ್ಟ್): ಮೇಡಂ, ಪಶ್ಚಿಮಕ್ಕೆ ಪೂರ್ತಿ ಗಾಜು ಬೇಡ. ಸಂಜೆ ಬಿಸಿಲು ಓರೆಯಾಗಿ ನುಗ್ಗುತ್ತದೆ, ಸಜ್ಜಾ ಅದನ್ನು ತಡೆಯುವುದಿಲ್ಲ. ಗಾಜಿನಿಂದ ತೋಟ ಕಾಣುತ್ತದೆ, ಅಷ್ಟೇ. ಜನ ಹೊರಗೆ ಬಂದು ಕೂರಬೇಕಾದರೆ ಅಲ್ಲಿ ನೆರಳು ಬೇಕು, ಅಲ್ವಾ? ಆ ದುಡ್ಡನ್ನು ವರಾಂಡಕ್ಕೆ ಹಾಕಿ. ಅಗಲ 8ರಿಂದ 10 ಅಡಿ ಇರಲಿ. ಟೇಬಲ್, ಕುರ್ಚಿ ಹಾಕಿದ ಮೇಲೂ ಹಿಂದೆ ಓಡಾಡೋಕೆ ಜಾಗ ಉಳಿಯುತ್ತದೆ. ಪಶ್ಚಿಮದ ಬದಿಗೆ ಮರದ ಪಟ್ಟಿಯ ಜಾಲಿಯೋ ಬಳ್ಳಿಯೋ ಇರಲಿ.

ಹೊಸ್ತಿಲಿನ ವಿಷಯ ಇನ್ನೂ ಮುಖ್ಯ. ಒಳಗಿನ ನೆಲ, ವರಾಂಡದ ನೆಲ ಒಂದೇ ಮಟ್ಟ ಬೇಕಾದರೆ ಕಾಂಕ್ರೀಟ್ ಹಾಕುವ ಮುಂಚೆಯೇ ತೀರ್ಮಾನಿಸಬೇಕು. ಬಾಗಿಲಿನ ಟ್ರ್ಯಾಕ್ ನೆಲದಲ್ಲಿ ಹೂತಿರಬೇಕು. ಅದರ ಮುಂದೆ ಉದ್ದಕ್ಕೂ ಜಾಲರಿ ಮುಚ್ಚಿದ ಸಣ್ಣ ಚರಂಡಿ. ಅಲ್ಲಿಂದಾಚೆ ತೋಟದ ಕಡೆಗೆ ಮೀಟರಿಗೆ 1ರಿಂದ 1.5 ಸೆಂಟಿಮೀಟರ್ ಇಳಿಜಾರು. ಕಣ್ಣಿಗೆ ಗೊತ್ತೇ ಆಗುವುದಿಲ್ಲ, ನೀರು ಮಾತ್ರ ಹರಿದು ಹೋಗುತ್ತದೆ.

ಒಳಗಿನ ನುಣುಪು ಟೈಲ್ಸ್ ಹೊರಗೆ ಹಾಕಿದರೆ ಒದ್ದೆಯಾದಾಗ ಜಾರುತ್ತದೆ. ಅದೇ ಬಣ್ಣದಲ್ಲಿ ತರಿ ಮೈಯ ಟೈಲ್ಸ್ ತನ್ನಿ. ಸಂದಿನ ಗೆರೆಗಳು ಒಳಗಿಂದ ನೇರವಾಗಿ ಹೊರಗೆ ಹೋಗಲಿ. ಎರಡೂ ಜಾಗ ಒಂದೇ ಅನ್ನಿಸುವುದು ಈ ಗೆರೆಗಳಿಂದಲೇ.

ಪ್ರಶ್ನೆ: ಬಾಗಿಲು ಸ್ಲೈಡಿಂಗಾ, ಫೋಲ್ಡಿಂಗಾ? ಸೊಳ್ಳೆ ಭಯ ಬೇರೆ.

ಉತ್ತರ: ಫೋಲ್ಡಿಂಗ್ ಹೆಚ್ಚುಕಮ್ಮಿ ಪೂರ್ತಿ ತೆರೆಯುತ್ತದೆ, ಆದರೆ ಜಾಲರಿ ಕೂರಿಸುವುದು ಕಷ್ಟ. ನಿಮಗೆ ಮೂರು ಟ್ರ್ಯಾಕಿನ ಸ್ಲೈಡಿಂಗ್ ಸಾಕು: ಎರಡು ಗಾಜು, ಒಂದು ಜಾಲರಿ. ಅಮೆರಿಕದಲ್ಲಿ ಹೆಸರಾಂತ ಆರ್ಕಿಟೆಕ್ಟ್ ಮೀಸ್ ವಾನ್ ಡೆರ್ ರೋಹೆ 1951ರಲ್ಲಿ ಮುಗಿಸಿದ ಫಾರ್ನ್ಸ್‌ವರ್ತ್ ಮನೆಯೂ ರಜೆಯ ಮನೆಯೇ. ನಾಲ್ಕೂ ಕಡೆ ಗಾಜು, ಒಳಗೂ ಜಗಲಿಗೂ ಒಂದೇ ಕಲ್ಲು. ನನಗೆ ತುಂಬಾ ಇಷ್ಟದ ಮನೆ. ಆದರೆ ಸೊಳ್ಳೆ ಕಾಟಕ್ಕೆ ಜಗಲಿಗೆ ಆಮೇಲೆ ಜಾಲರಿ ಹಾಕಿಸಬೇಕಾಯಿತು. ನೀವು ಮೊದಲೇ ಹಾಕಿಸಿಬಿಡಿ.

ಇನ್ನೊಂದು ವಿಷಯ. ಮನೆ ತಿಂಗಳುಗಟ್ಟಲೆ ಬೀಗ ಹಾಕಿರುತ್ತದೆ. ಎದುರುಬದುರು ಗೋಡೆಗಳ ಮೇಲ್ಭಾಗದಲ್ಲಿ ಜಾಲರಿ ಇರುವ ಗಾಳಿಕಿಂಡಿ ಬಿಡಿಸಿ, ಇಲ್ಲದಿದ್ದರೆ ಮುಗ್ಗಲು ವಾಸನೆ ಬರುತ್ತದೆ. ನಕ್ಷೆಯಲ್ಲಿ ನೆಲದ ಮಟ್ಟ ಬರೆದಿರುವ ಹಾಳೆ ಇದ್ದರೆ ಫೋಟೋ ಹಾಕಿ, ನೋಡಿ ಹೇಳುತ್ತೇನೆ.